ಕೆರೆಯ ಆಳ, ಜೇಬಿನ ಆಳ

(ಗುಬ್ಬಿಯಲ್ಲಿ ಒಂದು ಭಾನುವಾರ ಸಂಜೆ ಗಿರಣಿ ಕೆಲಸಗಾರರು, ಸಣ್ಣ ವ್ಯಾಪಾರಿಗಳು ಹಾಗೂ ಮೀನುಗಾರ ಬಂಧುಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ಅಂಗಡಿ ಬಾಡಿಗೆ ಇವುಗಳ ಮಾತು ಕೇಳಲು ಬಂದಿರುವ ನಿಮ್ಮ ಮುಂದೆ ನಾನು ಇಂದು ಮೀನು ತೋರಿಸುವ ಒಂದು ಯಂತ್ರದ ವಿಷಯ ಮಾತನಾಡಲು ನಿಂತಿದ್ದೇನೆ. ಇದು ಸಭೆಗೆ ತಕ್ಕ ವಿಷಯವೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಈ ವಿಷಯವನ್ನು ತಂದವನು ನಾನಲ್ಲ, ನೀವೇ.

ತುಮಕೂರಿನ ಅಕ್ಕಿ ಗಿರಣಿಯೊಂದರಲ್ಲಿ ಮೂಟೆ ಹೊರುವ ಸಂಗಾತಿಯೊಬ್ಬರು ಹೋದ ತಿಂಗಳು ನನಗೆ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಒಬ್ಬನೇ ಕೂರುವ ಸಪೂರ ದೋಣಿ. ಅದಕ್ಕೆ ಕಯಾಕ್ ಎಂದು ಹೆಸರು. ಉತ್ತರ ಧ್ರುವದ ಕಡೆಯ ಬೇಟೆಗಾರ ಜನ ಚರ್ಮ ಹೊದೆಸಿ ಕಟ್ಟುತ್ತಿದ್ದ ದೋಣಿ ಅದು, ಈಗ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕುತ್ತಾರೆ. ದೋಣಿಯ ಮುಂದೆ ಅಂಗೈಯಗಲದ ಪರದೆ, ಪರದೆಯ ತುಂಬ ಮೀನು. "ಅಣ್ಣಾ, ಈ ಫಿಶ್‌ಫೈಂಡರ್ ಕಂತಿನ ಮೇಲೆ ಕೊಡುತ್ತಾರಂತೆ. ತೆಗೆದುಕೊಳ್ಳಲೇ?" ಎಂದು ಅವರು ಕೇಳಿದರು. ಅವರಿಗೆ ವಾರಕ್ಕೆ ಒಂದು ದಿನ ರಜ. ಆ ದಿನ ಗಾಳ ಹಾಕಿ ಕೂರುವುದೇ ಅವರ ಸಂತೋಷ. ಅದಾದ ವಾರಕ್ಕೆ ಕುಣಿಗಲ್ಲಿನಲ್ಲಿ, ಬಲೆಯನ್ನೇ ನಂಬಿ ಬದುಕುವ ಬಂಧುವೊಬ್ಬರು ಅದೇ ಪ್ರಶ್ನೆ ಹಾಕಿದರು. "ಸಾಲ ತಂದು ಕೊಂಡರೆ ಗಿಟ್ಟುತ್ತದೆಯೆ?" ಒಬ್ಬರದು ಭಾನುವಾರದ ಮಾತು, ಇನ್ನೊಬ್ಬರದು ಅನ್ನದ ಮಾತು. ಇಬ್ಬರಿಗೂ ನೇರವಾದ ಉತ್ತರ ಸಿಗಬೇಕು. ಅಂಗಡಿಯವನು ಅದನ್ನು ಕೊಡಲಾರ, ಅವನಿಗೆ ಮಾಲು ಹೋಗಬೇಕು. ಆದುದರಿಂದ ನಾವು ನಾವೇ ಕೂತು ಲೆಕ್ಕ ಹಾಕೋಣ.

ಮೊದಲು ಯಂತ್ರ ಮಾಡುವ ಕೆಲಸವೇನು, ನೋಡಿ. ಇದು ನೀರಿನೊಳಕ್ಕೆ ಕಣ್ಣು ಹಾಯಿಸುವ ಯಂತ್ರವಲ್ಲ, ಕಿವಿಗೊಡುವ ಯಂತ್ರ. ದೋಣಿಯ ಪಕ್ಕದಲ್ಲಿ ನೀರಿಗೆ ಇಳಿಬಿಟ್ಟ ಒಂದು ತುಂಡು ಇರುತ್ತದೆ; ಟ್ರಾನ್ಸ್‌ಡ್ಯೂಸರ್ ಎನ್ನುತ್ತಾರೆ. ಅದು ನಮ್ಮ ಕಿವಿಗೆ ನಿಲುಕದ ಧ್ವನಿಯನ್ನು ಕೆಳಕ್ಕೆ ಕಳಿಸುತ್ತದೆ. ಧ್ವನಿ ತಳಕ್ಕೆ ಬಡಿದು ಹಿಂದಿರುಗುತ್ತದೆ. ನೀರಿನಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಹೋಗಿ ಬರಲು ಹಿಡಿದ ಕಾಲವನ್ನು ಯಂತ್ರ ಅಳೆದು ಆಳವನ್ನು ಲೆಕ್ಕ ಮಾಡುತ್ತದೆ. ನಡುವೆ ಮೀನು ಅಡ್ಡ ಬಂದರೆ ಅದರ ಮಾರ್ದನಿಯೂ ಬರುತ್ತದೆ. ಮೀನಿನ ಹೊಟ್ಟೆಯೊಳಗೆ ಗಾಳಿ ಚೀಲವಿರುವುದು ನಿಮಗೆ ಗೊತ್ತು. ಬಹುಪಾಲು ಮಾರ್ದನಿ ಬರುವುದು ಆ ಗಾಳಿಯಿಂದಲೇ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ವಿಜ್ಞಾನಿ ಪಾಲ್ ಲಾಂಜೆವಿನ್ ಇದೇ ಉಪಾಯದಿಂದ ನೀರೊಳಗಿನ ಯುದ್ಧ ಹಡಗುಗಳನ್ನು ಪತ್ತೆ ಮಾಡಲು ದುಡಿದರು. ಕೊಲ್ಲುವುದಕ್ಕೆ ಹುಟ್ಟಿದ ವಿದ್ಯೆ ಮುಂದೆ ಹೊಟ್ಟೆ ಹೊರೆಯುವ ಜನರ ಕೈಗೆ ಬಂತು. 1948ರಲ್ಲಿ ಜಪಾನಿನ ನಾಗಾಸಾಕಿ ಸೀಮೆಯಲ್ಲಿ ಹಡಗುಗಳಿಗೆ ವಿದ್ಯುತ್ ಕೆಲಸ ಮಾಡಿಕೊಡುತ್ತಿದ್ದ ಫುರುನೊ ಸೋದರರು ಮೀನುಗಾರರಿಗಾಗಿ ಇಂಥ ಯಂತ್ರ ಮಾಡಿ ಮಾರಾಟಕ್ಕೆ ತಂದರು. ಆದುದರಿಂದ ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದು ಸಮುದ್ರದಲ್ಲಿ ಪಳಗಿದ ಯಂತ್ರ. ನಮ್ಮದು ಕೆರೆ. ವ್ಯತ್ಯಾಸ ಇಲ್ಲೇ ಇದೆ.

ಟಾರ್ಚು ಬಿಟ್ಟರೆ ಬೆಳಕು ಹೇಗೆ ಹರಡುತ್ತದೆಯೋ ಹಾಗೆ ಈ ಧ್ವನಿಯೂ ಕೆಳಕ್ಕೆ ಹೋದಂತೆ ಅಗಲವಾಗುತ್ತದೆ. 20 ಡಿಗ್ರಿ ಕೋನದ ಯಂತ್ರವಾದರೆ, ತಳದಲ್ಲಿ ಅದು ಕೇಳುವ ವೃತ್ತದ ಅಗಲ ಆಳದ ಮೂರನೆಯ ಒಂದು ಪಾಲು. 60 ಮೀಟರ್ ಆಳದ ಸಮುದ್ರದಲ್ಲಿ ಅದು 20 ಮೀಟರ್ ಅಗಲದ ಜಾಗ. ಮೂರು ಮೀಟರ್ ನೀರಿರುವ ಕೆರೆಯಲ್ಲಿ? ಒಂದೇ ಮೀಟರ್, ನಮ್ಮ ಹರಿಗೋಲಿನ ಅಗಲಕ್ಕಿಂತಲೂ ಕಿರಿದು! 45 ಡಿಗ್ರಿಯ ಅಗಲ ಕೋನದ ಯಂತ್ರ ತಂದರೂ ಎರಡೂವರೆ ಮೀಟರ್ ಆದೀತು. ನಮ್ಮ ಸೀಮೆಯ ಕೆರೆಗಳ ಬಗೆ ನಿಮಗೆ ಗೊತ್ತೇ ಇದೆ. ಏರಿಯ ಮಗ್ಗುಲಲ್ಲಿ, ತೂಬಿನ ಬಳಿ ಆಳ. ಅಂಗಳದ ಕಡೆಗೆ ಹೋದಂತೆ ಸೊಂಟ ಮಟ್ಟ, ಮೊಣಕಾಲು ಮಟ್ಟ. ಅಂಥ ನೀರಿನಲ್ಲಿ ಯಂತ್ರಕ್ಕೆ ಕೇಳುವುದು ದೋಣಿಯ ಅಡಿ ಮಾತ್ರ. ದೋಣಿಯ ನೆರಳು ಬಿದ್ದು ಹುಟ್ಟಿನ ಸದ್ದಾದೊಡನೆ ಮೀನು ಮೊದಲು ಬಿಟ್ಟು ಓಡುವ ಜಾಗವೂ ಅದೇ.

ಇನ್ನು ನಮ್ಮ ಮೀನುಗಳನ್ನು ನೋಡಿ. ಕೆರೆಗೆ ಬಿತ್ತುವುದು ಕಾಟ್ಲ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ. ಕಾಟ್ಲ ನೀರಿನ ಮೇಲ್ಪದರದಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ಮತ್ತು ಗೆಂಡೆ ತಳದಲ್ಲಿ. ಯಂತ್ರದ ಪರದೆಯಲ್ಲಿ ಮೇಲಿನ ಒಂದೆರಡು ಅಡಿ ಸದಾ ಗಜಿಬಿಜಿಯಾಗಿಯೇ ಇರುತ್ತದೆ, ಕಾಟ್ಲ ಅದರಲ್ಲಿ ಅಡಗಿಹೋಗುತ್ತದೆ. ತಳದ ಕೆಸರಿಗೆ ಮೂತಿ ಹಚ್ಚಿದ ಮೃಗಾಲ್ ತಳದ ಗೆರೆಯೊಳಗೇ ಸೇರಿಹೋಗುತ್ತದೆ. ಕೊರವ ಮೀನು ಜೊಂಡಿನ ಬುಡದಲ್ಲಿ ಕೂತಿರುತ್ತದೆ. ಜೊಂಡಿಗೂ ಮಾರ್ದನಿಯುಂಟು, ಅಲ್ಲಿ ಯಾವುದು ಎಲೆ ಯಾವುದು ಮೀನು ಎಂದು ಯಂತ್ರ ಬಿಡಿಸಿ ಹೇಳದು. ಉಳಿದದ್ದು ನಡುನೀರಿನ ರೋಹು. ಅಷ್ಟಕ್ಕಾಗಿ ಸಾವಿರಾರು ರೂಪಾಯಿಯೆ?

ಹಾಗಾದರೆ ಯಂತ್ರ ನಿರುಪಯೋಗಿಯೆ? ಅಲ್ಲ. ಅದು ಚೆನ್ನಾಗಿ ಹೇಳುವ ಸಂಗತಿಗಳಿವೆ. ಆಳ ಎಷ್ಟು, ತಳ ಎಲ್ಲಿ ಇಳಿಯುತ್ತದೆ, ಎಲ್ಲಿ ಕಲ್ಲು, ಎಲ್ಲಿ ಹೂಳು, ಬಲೆ ಹರಿಯುವ ಮರದ ಬೊಡ್ಡೆ ಎಲ್ಲಿದೆ, ಇವನ್ನು ಅದು ನಿಜವಾಗಿ ಹೇಳುತ್ತದೆ. ಮೀನು ಇರುವುದು ಸುಮ್ಮನೆ ಎಲ್ಲೆಂದರಲ್ಲಿ ಅಲ್ಲ. ತಳ ಇಳಿಯುವ ಕಡೆ, ಹಳೆಯ ಹಳ್ಳದ ಜಾಡಿನಲ್ಲಿ, ಬೊಡ್ಡೆಯ ಸುತ್ತ. ಶಿಂಷಾ ನದಿಗೆ ಅಡ್ಡಲಾಗಿ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯವನ್ನು ತೆಗೆದುಕೊಳ್ಳಿ. ನೀರು ಮೀರಿದರೆ ಮನುಷ್ಯನ ಕೈ ತಾಗದೆ ತಾನಾಗಿ ಹೊರಹಾಕುವ ಅದರ ಸೈಫನ್ನುಗಳನ್ನು ನೋಡಲು ಜನ ಹೋಗುತ್ತಾರೆ. ಅದರ ನೀರಿನಡಿ ಹಳೆಯ ಹೊಳೆಯ ಪಾತ್ರವಿದೆ. ನಮ್ಮ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯೂ ಅದೇ ಶಿಂಷೆಯ ಮೇಲೆ ಕಟ್ಟಿದ್ದು. ಇಂಥ ಕಡೆ ಹಳೆಯ ಪಾತ್ರ ಎಲ್ಲಿ ಹರಿದಿತ್ತು ಎಂದು ಒಮ್ಮೆ ಕಂಡುಕೊಂಡರೆ ಗಾಳ ಹಾಕುವವನಿಗೂ ಬಲೆ ಬಿಡುವವನಿಗೂ ಅದು ವರ್ಷಗಟ್ಟಲೆ ಬರುವ ತಿಳಿವಳಿಕೆ.

ಅಂದರೆ, ನಮಗೆ ಬೇಕಾದದ್ದು ಮೀನಿನ ಚಿತ್ರ ತೋರಿಸುವ ಯಂತ್ರವಲ್ಲ, ಆಳವನ್ನು ಸರಿಯಾಗಿ ಹೇಳುವ ಯಂತ್ರ. ಇಷ್ಟು ತಿಳಿದರೆ ಆಯ್ಕೆ ಸುಲಭ, ಖರ್ಚೂ ಕಡಿಮೆ.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಬಗೆ ಇವೆ. ಮೊದಲನೆಯದು ಚೆಂಡಿನಂತೆ ಗಾಳದ ದಾರಕ್ಕೆ ಕಟ್ಟಿ ಎಸೆಯುವುದು. ಅದು ಮೊಬೈಲಿಗೆ ಚಿತ್ರ ಕಳಿಸುತ್ತದೆ. ದಡದ ಮೇಲೆ ನಿಂತು ಗಾಳ ಹಾಕುವವನಿಗೆ ಇದು ಅನುಕೂಲ. ಆದರೆ ದಾರ ಹರಿದರೆ ಚೆಂಡು ಹೋಯಿತು. ದೋಣಿಯಲ್ಲಾದರೆ ಮೊಬೈಲನ್ನೂ ನೀರಿನ ಮೇಲೆ ಹಿಡಿದು ಕೂರಬೇಕು. ಎರಡನೆಯದು ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರ, ತಂತಿಯ ತುದಿಯಲ್ಲಿ ತೇಲುವ ಗುಂಡು. ಎಲ್ಲಕ್ಕಿಂತ ಅಗ್ಗ. ಆಳ ತಿಳಿಯಲು ಸಾಕು, ಆದರೆ ಜಾಗವನ್ನು ನೆನಪಿಡುವುದಿಲ್ಲ. ಮೂರನೆಯದು ದೋಣಿಗೆ ಕಟ್ಟುವ ಮೂರೂವರೆ ನಾಲ್ಕಂಗುಲದ ಪರದೆಯ ಯಂತ್ರ, ಬೇರೆ ಬ್ಯಾಟರಿಯಿಂದ ನಡೆಯುವಂಥದ್ದು. ಗಾರ್ಮಿನ್ ಕಂಪನಿಯ ಸ್ಟ್ರೈಕರ್ 4 ಎಂಬುದು ಈ ಬಗೆಗೆ ಒಂದು ಉದಾಹರಣೆ. ಅದರಲ್ಲಿ ಜಿ.ಪಿ.ಎಸ್. ಇದೆ, ನಕ್ಷೆಗಳಿಲ್ಲ, ಬೊಡ್ಡೆ ಕಂಡ ಜಾಗವನ್ನು ಗುರುತು ಹಾಕಿಟ್ಟುಕೊಂಡು ಮತ್ತೆ ಅಲ್ಲಿಗೆ ಬರಬಹುದು. ದೋಣಿಯವರಿಗೆ ಈ ಮೂರನೆಯ ಬಗೆಯಲ್ಲಿ ಕೆಳಗಿನ ದರ್ಜೆಯದು ಸಾಕು. ಕಂಪನಿ ಯಾವುದೇ ಇರಲಿ.

ಅಂಗಡಿಯಲ್ಲಿ ಕೇಳಬೇಕಾದ ಮಾತು ಕೆಲವೇ. ಪೆಟ್ಟಿಗೆಯ ಮೇಲೆ ಎಷ್ಟೋ ನೂರು ಅಡಿ ಆಳದವರೆಗೆ ಓದುತ್ತದೆ ಎಂದು ಅಚ್ಚಾಗಿರುತ್ತದೆ, ಅದಕ್ಕೆ ಮರುಳಾಗಬೇಡಿ. ಎಷ್ಟು ಕಡಿಮೆ ನೀರಿನಲ್ಲಿ ಓದುತ್ತದೆ ಎಂದು ಕೇಳಿ. ಎರಡು ಅಡಿಗಿಂತ ಕಡಿಮೆಯಾದರೆ ತಪ್ಪು ಹೇಳುವ ಯಂತ್ರಗಳಿವೆ. ಮಟಮಟ ಬಿಸಿಲಿನಲ್ಲಿ ಪರದೆ ಕಾಣುತ್ತದೆಯೆ? ಅಂಗಡಿಯ ಹೊರಗೆ ತಂದು ನೋಡಿ. ನೀರಿಗೆ ಬಿದ್ದರೆ ತಾಳುತ್ತದೆಯೆ? ಐ.ಪಿ.ಎಕ್ಸ್. 7 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಾಳಬೇಕು. ಕೆಟ್ಟರೆ ರಿಪೇರಿ ಎಲ್ಲಿ, ಟ್ರಾನ್ಸ್‌ಡ್ಯೂಸರ್ ಬಿಡಿಯಾಗಿ ಸಿಗುತ್ತದೆಯೆ? ಕೊನೆಯದಾಗಿ ಬಿಲ್ಲು. ಬಿಲ್ಲಿಲ್ಲದೆ ಅಗ್ಗವಾಗಿ ಬರುವ ಮಾಲು ಕೆಟ್ಟ ದಿನ ಕೇಳುವವರಿರುವುದಿಲ್ಲ.

ಬೇಡವಾದುದನ್ನೂ ಹೇಳುತ್ತೇನೆ. ಏಳೆಂಟು ಅಂಗುಲದ ಪರದೆ ಬೇಡ. ಎಡಬಲಗಳನ್ನು ನೋಡುವ ಬದಿನೋಟದ ಯಂತ್ರವೊಂದು ಇದೆ. ನ್ಯಾಯವಾಗಿ ಹೇಳಬೇಕೆಂದರೆ, ಆಳವಿಲ್ಲದ ನೀರಿನಲ್ಲಿ ಅದಕ್ಕೆ ಉಪಯೋಗ ಉಂಟು. ಆದರೆ ಅದರ ಬೆಲೆ ತೀರ ಹೆಚ್ಚು. ಮೇಲಾಗಿ ದೋಣಿ ನೆಟ್ಟಗೆ ಒಂದೇ ವೇಗದಲ್ಲಿ ಸಾಗಿದರೆ ಮಾತ್ರ ಚಿತ್ರ ಸರಿ ಬರುತ್ತದೆ. ತಿರುಗುತ್ತಾ ಸಾಗುವ ನಮ್ಮ ಹರಿಗೋಲಿಗೆ ಅದು ಒಗ್ಗದು.

ಬ್ಯಾಟರಿಯ ಲೆಕ್ಕ ಕೇಳಿ. ಯಂತ್ರ ಅರ್ಧ ಆಂಪಿಯರ್ ಎಳೆಯುತ್ತದೆ ಎನ್ನೋಣ. 12 ವೋಲ್ಟಿನ, 7 ಆಂಪಿಯರ್-ಗಂಟೆಯ ಸಣ್ಣ ಮುಚ್ಚಿದ ಬ್ಯಾಟರಿ ಲೆಕ್ಕಕ್ಕೆ 14 ಗಂಟೆ ಬರಬೇಕು. ಪೂರ್ತಿ ಬಸಿಯಬಾರದಾದ್ದರಿಂದ ಎಂಟು ಗಂಟೆ ಎಂದು ಹಿಡಿಯಿರಿ. ಒಂದು ದಿನಕ್ಕೆ ಸಾಕು. ತಂತಿಯ ನಡುವೆ ಸಣ್ಣ ಫ್ಯೂಸು ಹಾಕದೆ ಜೋಡಿಸಬೇಡಿ. ಬ್ಯಾಟರಿಯನ್ನು ಮುಚ್ಚಳವಿರುವ ಡಬ್ಬಿಯಲ್ಲಿಡಿ.

ಹರಿಗೋಲಿಗೆ ತೂತು ಕೊರೆಯಬೇಕಾಗಿಲ್ಲ. ಒಂದು ಬಿದಿರ ಗಳದ ತುದಿಗೆ ಟ್ರಾನ್ಸ್‌ಡ್ಯೂಸರನ್ನು ಬಿಗಿದು, ಗಳವನ್ನು ಹರಿಗೋಲಿನ ಅಂಚಿಗೆ ಕಟ್ಟಿ, ಒಂದು ಗೇಣು ನೀರಿನೊಳಗೆ ಇರುವಂತೆ ಇಳಿಬಿಡಿ. ಅದರ ಮುಖ ನೆಟ್ಟಗೆ ಕೆಳಗಿರಬೇಕು. ಹರಿಗೋಲಿನೊಳಗೇ ಇಟ್ಟರೆ ಕೆಲಸ ಮಾಡದು. ನಡುವೆ ಗಾಳಿ ಸಿಕ್ಕರೆ ಈ ಧ್ವನಿ ದಾಟುವುದಿಲ್ಲ.

ಓದುವ ವಿಧಾನವನ್ನೂ ತಿಳಿಯಿರಿ. ನಾನು ಎರವಲು ತಂದ ಯಂತ್ರವನ್ನು ಕೆರೆಗಿಳಿಸಿ ನೋಡಿದಾಗ ಮೊದಲ ದಿನ ಮೋಸಹೋದೆ. ಪರದೆಯ ಬಲ ಅಂಚು ಮಾತ್ರ ಈಗಿನದು, ಉಳಿದುದೆಲ್ಲ ಆಗಲೇ ಕಳೆದುಹೋದ ಸಂಗತಿ. ನಿಂತ ದೋಣಿಯ ಅಡಿಯಲ್ಲಿ ಒಂದು ಚಿಕ್ಕ ಮೀನು ನಿಂತರೆ ಪರದೆಯಲ್ಲಿ ಉದ್ದವಾದ ಗೆರೆ ಮೂಡುತ್ತದೆ. ನಾನು ಅದನ್ನು ದೊಡ್ಡ ಮೀನೆಂದು ತಿಳಿದೆ. ಗೆರೆಯ ಉದ್ದ ಮೀನಿನ ಉದ್ದವಲ್ಲ, ಅದು ಅಲ್ಲಿದ್ದ ಹೊತ್ತು. ಮೀನಿನ ಗುರುತಿನ ಚಿತ್ರ ತೋರಿಸುವ ಏರ್ಪಾಡನ್ನು ಆರಿಸಿಬಿಡಿ. ಗಾಳಿಗುಳ್ಳೆ, ಕಡ್ಡಿ, ಎಲೆ ಎಲ್ಲವೂ ಅದಕ್ಕೆ ಮೀನೇ. ತಳ ಗಟ್ಟಿಯಾಗಿದ್ದರೆ ಆಳದ ಎರಡರಷ್ಟು ದೂರದಲ್ಲಿ ಇನ್ನೊಂದು ಮಸುಕಾದ ಗೆರೆ ಬರುತ್ತದೆ. ಮೆತ್ತನೆಯ ಹೂಳಿದ್ದರೆ ಬರುವುದು ಕಡಿಮೆ.

ಇಷ್ಟೆಲ್ಲ ಹೇಳಿದ ಮೇಲೆ, ಯಂತ್ರಕ್ಕಿಂತ ಮೊದಲು ಕೊಳ್ಳಬೇಕಾದ ವಸ್ತು ಇನ್ನೊಂದಿದೆ. ಹಗ್ಗ! ಒಂದು ಹುರಿಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ. ಕಲ್ಲಿನ ತಳಕ್ಕೆ ಸಾಬೂನು ಮೆತ್ತಿದರೆ ತಳದ ಮರಳೋ ಕೆಸರೋ ಅಂಟಿಕೊಂಡು ಮೇಲೆ ಬರುತ್ತದೆ. ಹಿಂದಿನ ನಾವಿಕರು ಸಮುದ್ರವನ್ನು ಅಳೆದದ್ದು ಇಂಥ ಹಗ್ಗದಿಂದಲೇ. ಒಂದು ತಿಂಗಳು ಹಗ್ಗದಿಂದ ಕೆರೆ ಅಳೆಯಿರಿ. ಅಷ್ಟಕ್ಕೇ ಬೇಸರ ಬಂದರೆ ಯಂತ್ರವೂ ಅಟ್ಟ ಸೇರುತ್ತದೆ ಎಂದು ತಿಳಿಯಿರಿ. ಅಳೆಯಬೇಕೆಂಬ ಆಸೆ ಹೆಚ್ಚಿದರೆ ಯಂತ್ರದ ಮಾತು ಆಮೇಲೆ.

ಈಗ ಹಣದ ಮಾತು. ಯಂತ್ರ, ಬ್ಯಾಟರಿ, ತಂತಿ ಸೇರಿ 12,000 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ದಿನಕ್ಕೆ 600 ರೂಪಾಯಿ ದುಡಿಯುವವನಿಗೆ ಅದು ಇಪ್ಪತ್ತು ದಿನದ ಬೆವರು. ಕೈಸಾಲವನ್ನು ನೂರಕ್ಕೆ ಐದರಂತೆ ತಂದರೆ ತಿಂಗಳಿಗೆ ಬಡ್ಡಿಯೇ 600. ತಿಂಗಳಲ್ಲಿ ಒಂದು ದಿನ ಅವನು ಬಡ್ಡಿಗೆಂದೇ ಮೂಟೆ ಹೊರಬೇಕು. ವರ್ಷಕ್ಕೆ 7,200 ರೂಪಾಯಿ ಹೋಗಿ, ಅಸಲು ಹಾಗೆಯೇ ನಿಂತಿರುತ್ತದೆ. ಇದೇ 12,000ವನ್ನು ಹನ್ನೆರಡು ಜನ ಹಂಚಿಕೊಂಡರೆ ತಲೆಗೆ ಸಾವಿರ, ಬಡ್ಡಿಯಿಲ್ಲ. ಕೆರೆಯ ತಳ ದಿನಾ ಬದಲಾಗುವುದಿಲ್ಲ. ಒಮ್ಮೆ ಅಳೆದು ನಕ್ಷೆ ಬರೆದುಕೊಂಡರೆ ಯಂತ್ರ ಮುಂದಿನವನ ಸರದಿಗೆ ಹೋಗಬಹುದು. ಒಬ್ಬನ ಮನೆಯಲ್ಲಿ ಆರು ದಿನ ಸುಮ್ಮನೆ ಕೂರುವ ಯಂತ್ರಕ್ಕೆ ಹನ್ನೆರಡು ಮನೆಯವರು ಹನ್ನೆರಡು ಸಲ ಹಣ ಕೊಡುವುದು ಯಾವ ಜಾಣತನ? 1950ರ ದಶಕದಲ್ಲಿ ಲೋಹಿಯಾ ಅವರು ಸಣ್ಣ ಯಂತ್ರದ ವಾದವನ್ನು ಎತ್ತಿದಾಗ ನಕ್ಕವರಿದ್ದರು. ದುಡಿಯುವವನ ಕೈಗೆ ಎಟುಕುವ, ಅವನ ಹತೋಟಿಯಲ್ಲಿ ಉಳಿಯುವ ಯಂತ್ರ ಬೇಕೆಂಬುದು ಆ ವಾದ. ಈ ನಾಲ್ಕಂಗುಲದ ಯಂತ್ರ ಅಂಥದಾಗಬಹುದು, ಸಾಲದ ಮೇಲೆ ಬರದಿದ್ದರೆ.

ಸಂಗಾತಿಗಳೆ, ನಾನು ಈ ವಿಷಯವನ್ನು ಸಭೆಗೆ ತಂದದ್ದಕ್ಕೆ ನಿಜವಾದ ಕಾರಣ ಇನ್ನೂ ಹೇಳಿಲ್ಲ. ಆಳ ಹೇಳುವ ಯಂತ್ರ ಮೀನಿನ ಲೆಕ್ಕಕ್ಕಷ್ಟೇ ಅಲ್ಲ, ಕೆರೆಯ ಲೆಕ್ಕಕ್ಕೂ ಬರುತ್ತದೆ. ಕೆರೆಯ ಹೂಳೆತ್ತುವ ಕೆಲಸಕ್ಕೆ ಸಾರ್ವಜನಿಕರ ಹಣ ಹೋಗುತ್ತದೆ. ಎಷ್ಟು ಹೂಳು ತೆಗೆದರು ಎಂಬುದು ಕಾಗದದಲ್ಲಿರುತ್ತದೆ. ಮಳೆ ಬಂದು ಕೆರೆ ತುಂಬಿದರೆ ಕಾಗದವನ್ನು ಪರೀಕ್ಷಿಸುವ ದಾರಿಯೇ ಮುಚ್ಚಿತು ಎಂದು ನಾವು ತಿಳಿದಿದ್ದೆವು. ಹಾಗೇನೂ ಅಲ್ಲ. ಹೂಳೆತ್ತುವ ಮೊದಲು, ನೀರಿದ್ದಾಗ, ದಡದ ಗುರುತುಗಳನ್ನು ಹಿಡಿದು ಐವತ್ತು ನೂರು ಕಡೆ ಆಳ ಅಳೆಯಿರಿ. ಆ ದಿನ ನೀರು ಕೋಡಿಯ ಮಟ್ಟಕ್ಕಿಂತ ಎಷ್ಟು ಕೆಳಗಿದೆ ಎಂದು ಬರೆದುಕೊಳ್ಳಿ. ಅದನ್ನು ಕೂಡಿಸಿದರೆ ತುಂಬಿದ ಕೆರೆಯ ಆಳ ಬಂತು. ಕೆಲಸ ಮುಗಿದು ನೀರು ಬಂದ ಮೇಲೆ ಅದೇ ಜಾಗಗಳಲ್ಲಿ ಮತ್ತೆ ಅಳೆಯಿರಿ. ಹತ್ತು ಹೆಕ್ಟೇರ್ ಜಾಗದಲ್ಲಿ ಸರಾಸರಿ 30 ಸೆಂಟಿಮೀಟರ್ ಹೂಳು ತೆಗೆದಿದ್ದರೆ ಅದು 30,000 ಘನ ಮೀಟರ್ ಮಣ್ಣು. 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಕಾಮಗಾರಿಯ ಅಂದಾಜು ಪಟ್ಟಿಯನ್ನೂ ಅಳತೆ ಪುಸ್ತಕವನ್ನೂ ಕೇಳಿ ಪಡೆಯಿರಿ. ಎರಡನ್ನೂ ಪಕ್ಕ ಪಕ್ಕ ಇಡಿ. ನಮ್ಮ ಅಳತೆಯಲ್ಲಿ ಚೂರುಪಾರು ತಪ್ಪಿರಬಹುದು. ಮೆತ್ತನೆಯ ಹೂಳಿನ ಕಡೆ ಹಗ್ಗದ ಕಲ್ಲು ಯಂತ್ರಕ್ಕಿಂತ ತುಸು ಆಳ ಹೇಳುತ್ತದೆ, ಆದುದರಿಂದ ಎರಡು ಸಲವೂ ಒಂದೇ ಸಾಧನದಿಂದ ಅಳೆಯಬೇಕು. ಆದರೆ ಕಾಗದದ ಮೂರಡಿ ನೀರಿನಲ್ಲಿ ಅರ್ಧ ಅಡಿಯಾಗಿ ಕಂಡರೆ ಅದನ್ನು ಅಳತೆಯ ಚೂರುಪಾರು ಎಂದು ಯಾರೂ ತಳ್ಳಿಹಾಕಲಾರರು. ಕೆರೆಯ ನೀರು ಕುಡಿಯುವವರೂ, ಅದರ ಕೆಳಗೆ ಗದ್ದೆ ಮಾಡುವವರೂ, ಅದರಲ್ಲಿ ಮೀನು ಹಿಡಿಯುವವರೂ ಒಟ್ಟಿಗೆ ಕೇಳಬೇಕಾದ ಪ್ರಶ್ನೆ ಅದು.

ಇನ್ನೆರಡು ಮಾತು ಹೇಳಿ ಮುಗಿಸುತ್ತೇನೆ. ಭಾನುವಾರದ ಗಾಳದವರು ನೆನಪಿಡಿ: ಕಾಟ್ಲ ರೋಹುಗಳು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಕೆರೆಯಲ್ಲಿರುವ ಆ ಮೀನು ಯಾರೋ ಹಣ ಕೊಟ್ಟು ಮರಿ ತಂದು ಬಿಟ್ಟದ್ದು. ಗುತ್ತಿಗೆ ಹಿಡಿದವರು ಮೀನುಗಾರರ ಸಹಕಾರ ಸಂಘದವರಾದರೆ ಆ ಹಣ ಬಡವರ ಹಣ. ಅವರ ಒಪ್ಪಿಗೆ ಕೇಳಿಯೇ ಗಾಳ ಹಾಕಿ. ಯಂತ್ರ ತಂದವರು ಅವರಿಗೂ ಆಳದ ನಕ್ಷೆ ತೋರಿಸಿ. ಗಿರಣಿಯವನಿಗೂ ಬಲೆಯವನಿಗೂ ಸ್ನೇಹ ಬೆಳೆಯುವುದು ಹೀಗೆಯೇ. ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯಿದೆಯಿಂದಲೂ ಅಪರಾಧ. ಯಂತ್ರ ತೋರಿಸಿದ ಮಡುವಿಗೆ ಮದ್ದು ಎಸೆಯುವ ಬುದ್ಧಿ ಯಾರಿಗೂ ಬಾರದಿರಲಿ.

ಎರಡನೆಯದು, ಹರಿಗೋಲೇ ಆಗಲಿ ಕಯಾಕೇ ಆಗಲಿ, ತೇಲುವ ಅಂಗಿ ತೊಡದೆ ನೀರಿಗೆ ಇಳಿಯಬೇಡಿ. ಯಂತ್ರಕ್ಕೆ ಹಣ ಕೂಡಿಸುವಾಗ ಮೊದಲು ಅದಕ್ಕೆ ತೆಗೆದಿಡಿ. ಆಳ ಎಷ್ಟೆಂದು ಯಂತ್ರ ಹೇಳೀತು, ಬಿದ್ದವನನ್ನು ಎತ್ತಲಾರದು.

ಗಿರಣಿಯ ಆ ಸಂಗಾತಿಗೆ ನಾನು ಕೊಟ್ಟ ಉತ್ತರ ಇಷ್ಟೇ: "ಕಂತಿನ ಮೇಲೆ ಬೇಡ, ಒಬ್ಬನೇ ಬೇಡ, ಈ ತಿಂಗಳು ಬೇಡ. ಹಗ್ಗ ತಾ." ಅವರು ತಂದಿದ್ದಾರೆ, ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಬರುವ ಭಾನುವಾರ ಬೆಳಿಗ್ಗೆ, ಸಂಘದವರ ಒಪ್ಪಿಗೆ ಪಡೆದು, ನಮ್ಮ ಕೆರೆಯ ತೂಬಿನಿಂದ ಅಳತೆ ಆರಂಭಿಸುತ್ತೇವೆ. ಬರುವವರು ಒಂದು ನೋಟುಬುಕ್ಕು, ಒಂದು ಪೆನ್ಸಿಲ್ ತನ್ನಿರಿ.